ಬೆನ್ನಿನ ಬಾಗು, ಮೂಳೆಯ ಬಲ

ಬೆಳೆಯುವ ಹುಡುಗಿಯ ಒಂದು ಭುಜ ಮೇಲೆದ್ದು ಕಂಡರೆ “ನೆಟ್ಟಗೆ ನಿಲ್ಲಬಾರದೇನೇ?” ಎಂದು ಗದರಿಸುವುದು ಅನೇಕ ಮನೆಗಳ ವಾಡಿಕೆ. ಬೆನ್ನೆಲುಬೇ ಪಕ್ಕಕ್ಕೆ ಬಾಗಿ ತಿರುಚಿಕೊಂಡಿದ್ದಲ್ಲಿ ಗದರಿಕೆಯಿಂದ ಯಾವ ಪ್ರಯೋಜನವೂ ಇಲ್ಲ. ಸಂಸ್ಕೃತದಲ್ಲಿ ಬೆನ್ನೆಲುಬಿಗೆ ಪೃಷ್ಠವಂಶವೆಂದು ಹೆಸರು, ವಂಶವೆಂದರೆ ಬಿದಿರು. ಈ ಬಿದಿರಿನ ಡೊಂಕನ್ನೇ ವೈದ್ಯರು ಸ್ಕೋಲಿಯೋಸಿಸ್ ಎನ್ನುವರು. ಹತ್ತರಿಂದ ಹದಿನಾರು ವಯಸ್ಸಿನವರಲ್ಲಿ ನೂರಕ್ಕೆ 2–3 ಮಂದಿಗೆ ಇದುಂಟು. ಬಹುಮಂದಿಯಲ್ಲಿ ಇದರ ಕಾರಣ ತಿಳಿದಿಲ್ಲ. ಆದರೆ ಪುಸ್ತಕದ ಚೀಲವಾಗಲಿ ಕುಳಿತುಕೊಳ್ಳುವ ರೀತಿಯಾಗಲಿ ಇದಕ್ಕೆ ಮೂಲವಲ್ಲ. ಬಾಗು ಹೆಚ್ಚುವ ಸಂಭವ ಹೆಣ್ಣುಮಕ್ಕಳಲ್ಲಿ ಅಧಿಕ.

ಬಾಗು ಕಣ್ಣಿಗೆ ಕಾಣುವುದು. ಮೂಳೆಯೊಳಗಿನ ಕೊರತೆ ಕಾಣದು. ಇಂಥ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮೂಳೆಗಳ ಸಾಂದ್ರತೆ ವಯಸ್ಸಿಗೆ ತಕ್ಕಷ್ಟಿರುವುದಿಲ್ಲವೆಂದು ಹಾಂಗ್‌ಕಾಂಗ್ ಮೊದಲಾದೆಡೆ ನಡೆದ ಪರೀಕ್ಷೆಗಳು ತೋರಿಸಿವೆ. ಹಾಗಿರುವವರಲ್ಲಿ ಬಾಗು ಬೆಳೆಯುವ ಭಯವೂ ಹೆಚ್ಚು. ಮನುಷ್ಯನು ಜೀವಮಾನದಲ್ಲಿ ಗಳಿಸುವ ಮೂಳೆಯ ಬಲದ ಬಹುಭಾಗವು ಇಪ್ಪತ್ತು ವರ್ಷದೊಳಗೇ ಕೂಡಿಬರುವುದರಿಂದ, ಈ ಕಾಲವನ್ನು ಕಳೆದುಕೊಂಡವರು ಮುಂದೆ ಅದನ್ನು ತುಂಬಿಕೊಳ್ಳುವುದು ಕಷ್ಟ.

ಆಹಾರವು ಬಾಗನ್ನು ನೆಟ್ಟಗೆ ಮಾಡಲಾರದು, ಮೂಳೆಯನ್ನು ಪೋಷಿಸಬಲ್ಲದು. 13–15 ವಯಸ್ಸಿನವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಉಂಟು. ಮೈಗೆ ಬಿಸಿಲೂ ತಾಗಬೇಕು. ಬೆನ್ನು ಡೊಂಕೆಂದು ಮಗುವನ್ನು ಆಟದಿಂದ ಬಿಡಿಸುವುದು ತಪ್ಪು. ವೈದ್ಯರು ಬೇಡವೆನ್ನದ ಹೊರತು ಓಟ, ನೆಗೆತಗಳಿಂದ ಮೂಳೆ ಬಲಿಯುತ್ತದೆ.

ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಕೆಲವರು ಬಾಗನ್ನು ಮರೆಮಾಚುವರು. ಹೀಗೆ ಮರೆಮಾಚಿದಷ್ಟು ದಿನವೂ ಚಿಕಿತ್ಸೆಗೆ ನಷ್ಟವೇ. ನಡುಮಟ್ಟದ ಬಾಗಿಗೆ ಮೈಗಟ್ಟುವ ಬ್ರೇಸ್ ಎಂಬ ಗಟ್ಟಿ ಕವಚವು ಬೆಳವಣಿಗೆ ಮುಗಿಯುವುದರೊಳಗೆ ಮಾತ್ರ ಫಲಕಾರಿ. ಅಮೆರಿಕ, ಕೆನಡಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕವಚ ತೊಟ್ಟವರಲ್ಲಿ ನೂರಕ್ಕೆ 72 ಮಂದಿ ಶಸ್ತ್ರಚಿಕಿತ್ಸೆಯ ಮಟ್ಟ ಮುಟ್ಟದೆ ಬೆಳೆದರು. ತೊಡದವರಲ್ಲಿ 48 ಮಂದಿ ಮಾತ್ರ. ಹೆಚ್ಚು ಹೊತ್ತು ತೊಟ್ಟವರಿಗೆ ಹೆಚ್ಚು ಗುಣ ಕಂಡಿತು.

ತಾಯಂದಿರು ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಮಗು ಮೊಣಕಾಲು ಮಡಿಸದೆ, ಕೈಗಳನ್ನು ಜೋಡಿಸಿ ಮುಂದಕ್ಕೆ ಬಾಗಲಿ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿದ್ದರೆ ಗದರದೆ ಮೂಳೆವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಮೂಳೆಯ ಬಲವನ್ನೂ ಪರೀಕ್ಷಿಸಬೇಕೇ ಎಂದು ಅವರನ್ನು ಕೇಳಲು ಮರೆಯಬಾರದು.