ಆಕಾಶಕ್ಕೆ ಕಂಡ ಗುಡಿಸಲು ಊರಿಗೆ ಕಾಣಲಿಲ್ಲವೇ?

"ಗುಡಿಸಲ ಪಕ್ಕ ಡಿಶ್ಶು ನೋಡ್ಲಾ! ಇವ್ರಿಗ್ಯಾವ ಬಡತನ?"

ಪಾಂಡವಪುರದ ಟೀ ಅಂಗಡಿಯೊಂದರಲ್ಲಿ ಕೇಳಿದ ಮಾತಿದು. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಬಗ್ಗೆ ಆಡಿದ್ದು. ಅಲ್ಲಿದ್ದವರೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ನಾವೂ ನಕ್ಕೆವು. ಆಮೇಲೆ ನಾಚಿಕೆಯಾಗಿ, ವಿ.ಸಿ. ನಾಲೆ ಪಕ್ಕದ ಆ ಬಿಡಾರಕ್ಕೇ ಹೋದೆವು.

ಅವರು ಇನ್ನೊಂದು ಊರಿನ ಗದ್ದೆ ಮುಗಿಸಿ ಆಗಷ್ಟೇ ಬಂದಿದ್ದರು. ಟಾರ್ಪಾಲು ಎದ್ದಿತ್ತು, ಒಲೆ ಇನ್ನೂ ಹೊತ್ತಿರಲಿಲ್ಲ. ಒಬ್ಬ ಹುಡುಗ ಡಿಶ್ ನಿಲ್ಲಿಸುತ್ತಿದ್ದ. ಸ್ಟ್ಯಾಂಡಿನ ಕಾಲಿಗೆ ಮಣ್ಣು ತುಂಬಿದ ಚೀಲ ಹೇರಿ, ಮುಖವನ್ನು ಆಗ್ನೇಯಕ್ಕೆ ತಿರುಗಿಸಿದ. ತೆಂಗಿನ ಗರಿ ಅಡ್ಡ ಬಂತು. ಹತ್ತು ಹೆಜ್ಜೆ ಆಚೆ ಇಟ್ಟ. ಒಳಗಿನಿಂದ ತಂಗಿ ಕೂಗುತ್ತಿದ್ದಳು: "ಬಂತು... ಹೋತು... ಬಂತು ನಿಲ್ಲಣ್ಣ!" ಬಳ್ಳಾರಿಗಿಂತ ಇಲ್ಲಿ ಡಿಶ್ಶನ್ನು ಚೂರು ಪೂರ್ವಕ್ಕೆ ತಿರುಗಿಸಬೇಕು, ಚೂರು ಮೇಲಕ್ಕೆ ಎತ್ತಬೇಕು. ಶಾಲೆ ಬಿಟ್ಟ ಆ ಹುಡುಗನಿಗೆ ಅದು ಕೈಯಳತೆಯಲ್ಲೇ ಗೊತ್ತು. ಕರೆಂಟು? ಸಣ್ಣ ಸೋಲಾರ್ ಪ್ಲೇಟು, ಒಂದು ಹಳೇ ಬ್ಯಾಟರಿ. ಅರ್ಧ ಗಂಟೆಯಲ್ಲಿ ಚಂದನ ಬಂತು.

ಇದು ಶೋಕಿಯೇ? ಲೆಕ್ಕ ಹಾಕೋಣ. ಅದು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದದ್ದು. ಡಿಶ್ಶು, ಬಾಕ್ಸು ಒಂದು ಸಲ ಕೊಂಡರೆ ಮುಗಿಯಿತು. ರೀಚಾರ್ಜ್ ಇಲ್ಲ, ತಿಂಗಳ ಬಾಡಿಗೆ ಇಲ್ಲ. ತಿಂಗಳು ತಿಂಗಳೂ ದುಡ್ಡು ಕಟ್ಟಿ ಟಿವಿ ನೋಡುವವರು ಊರೊಳಗಿನ ನಾವು. ಶೋಕಿ ಯಾರದು?

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಉಪಗ್ರಹದ ಟಿವಿ ಮೊದಲು ಬಂದದ್ದು ಸಿರಿವಂತರ ಬಂಗಲೆಗಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಕಾರ್ಯಕ್ರಮ ತೋರಿಸಿದರು. ಅದಕ್ಕೆ ಸೈಟ್ ಎಂದು ಹೆಸರು. ನಮ್ಮ ರಾಜ್ಯದಲ್ಲಿ ಆಗ ಟಿವಿ ಕಂಡದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಬಡವರ ಅಂಗಳಕ್ಕೆ ಬರಲಿ ಎಂದೇ ಅದನ್ನು ಮಾಡಿದ್ದು. ಐವತ್ತು ವರ್ಷದ ಮೇಲೆ ಅದೇ ಸೀಮೆಯ ಬಡವರ ಗುಡಿಸಲಲ್ಲಿ ಟಿವಿ ಕಂಡು ನಾವು ನಗುತ್ತಿದ್ದೇವೆ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ. ಆ ಉಪಗ್ರಹ ಯಾರನ್ನೂ ಕಾಯಂ ವಿಳಾಸ ಕೇಳುವುದಿಲ್ಲ. ಇವತ್ತು ಪಾಂಡವಪುರ, ನಾಳೆ ಕೆ.ಆರ್. ಪೇಟೆ, ನಾಡಿದ್ದು ನಾಗಮಂಗಲ. ಮುಖ ತಿರುಗಿಸಿ ನಿಂತವರಿಗೆಲ್ಲ ಸಿಗುತ್ತದೆ.

ಸಿಗದೇ ಇರುವುದು ನೆಲದ ಮೇಲಿನದು. ಆ ಬಿಡಾರಕ್ಕೆ ಒಂದು ನಲ್ಲಿ ಇಲ್ಲ, ಕುಡಿಯಲು ನಾಲೆ ನೀರು. ಶೌಚಾಲಯವಿಲ್ಲ, ಹೆಂಗಸರು ಬೆಳಕು ಹರಿಯುವ ಮುಂಚೆ ಕಬ್ಬಿನ ಗದ್ದೆಗೆ ಹೋಗಬೇಕು. ಏಳೆಂಟು ವರ್ಷದ ಮಕ್ಕಳು ಕೂಸುಗಳನ್ನು ಎತ್ತಿಕೊಂಡು ಕೂತಿರುತ್ತವೆ. ಒಬ್ಬ ಅಕ್ಕ ಹೇಳಿದರು: "ಶಾಲಿಗೆ ಕರಕೊಂಡು ಹೋಗಿದ್ದೆ ತಮ್ಮಾ. ಟಿ.ಸಿ. ತರ್ರಿ ಅಂದ್ರು. ಸುಮ್ಮನ ವಾಪಸ್ ಬಂದೆ."

ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ರೇಷನ್ ಕಾರ್ಡು ಯಾವ ಊರಿನದೇ ಆಗಲಿ, ಹೆಬ್ಬೆಟ್ಟು ಒತ್ತಿ ಬೇರೆ ಊರಿನ ಸೊಸೈಟಿಯಲ್ಲೂ ಪಡಿತರ ಪಡೆಯಬಹುದು. 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳೂ ಇದಕ್ಕೆ ಸೇರಿವೆ. ಇದನ್ನು ಆ ಬಿಡಾರಕ್ಕೆ ಹೋಗಿ ಹೇಳಿದವರು ಯಾರೂ ಇರಲಿಲ್ಲ.

"ನಾಲ್ಕು ತಿಂಗಳು ಇದ್ದು ಹೋಗೋರಿಗೆ ಇಷ್ಟೆಲ್ಲ ಯಾಕೆ?" ಎನ್ನುತ್ತೀರಾ? ನಮ್ಮ ಊರಿನ ಹೆಸರನ್ನೇ ನೋಡಿ. ವನವಾಸದಲ್ಲಿ ಪಾಂಡವರು ಕುಂತಿಬೆಟ್ಟದಲ್ಲಿ ತಂಗಿದ್ದರೆಂಬ ಐತಿಹ್ಯದಿಂದ ಪಾಂಡವಪುರ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಡೇರೆ ಹಾಕಿದ್ದರಿಂದ ಫ್ರೆಂಚ್ ರಾಕ್ಸ್. ಎರಡು ಹೆಸರೂ ಬಂದು ತಂಗಿ ಹೋದವರು ಕೊಟ್ಟವೇ. ಅವರಾರೂ ನಮ್ಮ ಕಬ್ಬು ಕಡಿದವರಲ್ಲ. ಇವರು ಕಡಿಯುತ್ತಾರೆ. ಕಟಾವು ತಡವಾದರೆ ಕಬ್ಬು ಒಣಗಿ ತೂಕ ಇಳಿಯುವುದು ಯಾರ ಗದ್ದೆಯಲ್ಲಿ ಎಂದು ರೈತರಿಗೆ ನಾವು ಹೇಳಬೇಕಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ಕಾರ್ಖಾನೆಯವರು ಕಟಾವಿಗೆ ಗ್ಯಾಂಗ್ ಕರೆಸುವಾಗಲೇ ನೀರು, ಶೌಚಾಲಯದ ವ್ಯವಸ್ಥೆ ಮಾಡಲಿ. ಪಂಚಾಯಿತಿಯವರು ಬಿಡಾರ ಬಿದ್ದ ವಾರದೊಳಗೆ ಹೋಗಿ ಮಕ್ಕಳ ಪಟ್ಟಿ ಮಾಡಿ ಶಾಲೆಗೆ, ಅಂಗನವಾಡಿಗೆ ಕೊಡಲಿ. ಗದ್ದೆಯ ಯಜಮಾನರು ತಮ್ಮ ಬೋರ್‌ವೆಲ್ಲಿನಿಂದ ನಾಲ್ಕು ಬಿಂದಿಗೆ ನೀರು ಬಿಡಲಿ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ.

ಇನ್ನೊಮ್ಮೆ ಗುಡಿಸಲ ಪಕ್ಕ ಡಿಶ್ ಕಂಡಾಗ ನಗುವ ಮುಂಚೆ ಒಂದು ನಿಮಿಷ ಗಾಡಿ ನಿಲ್ಲಿಸಿ, "ಕುಡಿಯೋ ನೀರು ಎಲ್ಲಿಂದ ತರ್ತೀರಮ್ಮ?" ಎಂದು ಕೇಳಿ. ನಾವೂ ಅಲ್ಲಿಂದಲೇ ಶುರು ಮಾಡಿದ್ದೇವೆ.