ಸುಳ್ಳುಗಾರ ವಾಸಿ, ನಾಣ್ಯಪ್ಪ ಬೇಡ

ಮೊನ್ನೆ ಮಗಳು ಒಂದು ಒಗಟು ಹಿಡಿದುಕೊಂಡು ಬಂದಳು. ಮೂವರಿದ್ದಾರಂತೆ. ಒಬ್ಬ ಯಾವಾಗಲೂ ನಿಜ ಹೇಳ್ತಾನೆ, ಒಬ್ಬ ಯಾವಾಗಲೂ ಸುಳ್ಳು, ಇನ್ನೊಬ್ಬ ನಾಣ್ಯ ಚಿಮ್ಮಿದ ಹಾಗೆ ಬಾಯಿಗೆ ಬಂದದ್ದು. ಯಾರು ಏನು ಅಂತ ಮೂವರಿಗೂ ಗೊತ್ತು. ಹೌದು-ಅಲ್ಲ ಅನ್ನೋ ಮೂರೇ ಪ್ರಶ್ನೆಯಲ್ಲಿ ನಾವು ಪತ್ತೆ ಹಚ್ಚಬೇಕು. ಸ್ಮಲ್ಯನ್ ಎಂಬ ತರ್ಕಪಂಡಿತ ಕಟ್ಟಿದ ಇಂಥದೊಂದು ಒಗಟನ್ನೇ ಜಾರ್ಜ್ ಬೂಲೋಸ್ 1996ರಲ್ಲಿ, ಇನ್ನಷ್ಟು ಬಿಗಿಯಾದ ರೂಪದಲ್ಲಿ, ‘ಅತ್ಯಂತ ಕಷ್ಟದ ತರ್ಕದ ಒಗಟು’ ಅಂತ ಪ್ರಕಟಿಸಿದ್ದು.

"ಅಪ್ಪಾ, ಸುಳ್ಳುಗಾರನೇ ವಿಲನ್ ಅಲ್ವಾ?" ಅಂದಳು.

ಅಲ್ಲವೇ ಅಲ್ಲ. ವಿಲನ್ ಮೂರನೆಯವನು. ಅವನಿಗೆ ನಾಣ್ಯಪ್ಪ ಅಂತ ಹೆಸರಿಡೋಣ.

ನಾನು ಹೈದರಾಬಾದಿಗೆ ಬಂದ ಹೊಸತು. ಮದುವೆ ಪಾತ್ರೆ ತಗೊಳ್ಳೋಕೆ ಬೀದರಿನಿಂದ ಕಾಕಾ ಬಂದಿದ್ದರು. ಬೇಗಂ ಬಜಾರಿನ ಗಲ್ಲಿಯಲ್ಲಿ, ಏಪ್ರಿಲ್ ಬಿಸಿಲಲ್ಲಿ, "ತಮ್ಮಾ, ಕಣ್ಣಿಗಿ ಕತ್ತಲಿ ಬರ್ಲಾಕತ್ತದ" ಅಂತ ಅಂಗಡಿ ಮೆಟ್ಟಿಲ ಮೇಲೆ ಕುಸಿದರು. ಡಾಕ್ಟರ್ ಎಲ್ಲಿ ಅಂತ ಒಬ್ಬನನ್ನು ಕೇಳಿದೆ. "ಸೀದಾ ಜಾವ್" ಅಂದ. ಸೀದಾ ಹೋದ್ರೆ ಮೆಣಸಿನಕಾಯಿ ಗೋದಾಮು. ಇನ್ನೊಬ್ಬ ಎಡಕ್ಕೆ ಕೈ ತೋರಿಸಿದ. ಅಲ್ಲಿ ಗೋಡೆ. ಮೂರನೆಯವನು ಒಬ್ಬ ಹಮಾಲಿ. "ಮಾಲೂಮ್ ನೈ ಭಯ್ಯಾ" ಅಂದವನೇ, ಮೂಟೆ ಇಳಿಸಿ ಗೊತ್ತಿರೋ ಅಂಗಡಿಯವರನ್ನು ಕರೆತಂದ. ಕಾಕಾ ಉಳಿದರು. ಹೋದದ್ದು ಕಾಲು ಗಂಟೆ. ಆ ಕಾಲು ಗಂಟೆಗೆ ಯಾರು ಜವಾಬ್ದಾರರು ಸ್ವಾಮೀ?

ಸುಳ್ಳುಗಾರನನ್ನಾದರೆ ಪಳಗಿಸಬಹುದು. ‘ಅಂಗಡಿ ತೆರೆದಿದೆಯಾ ಅಂತ ಕೇಳಿದ್ರೆ ನೀನು ಹೌದು ಅಂತೀಯಾ?’ ಅಂತ ಕೇಳಿ. ತೆರೆದಿದ್ದರೆ ಅವನು ಅಲ್ಲ ಅನ್ನಬೇಕಾದವನು, ಅದರ ಬಗ್ಗೆಯೂ ಸುಳ್ಳು ಹೇಳಿ ಹೌದು ಅಂತಾನೆ. ಸುಳ್ಳಿನ ಮೇಲೆ ಸುಳ್ಳು, ನಿಜ ಹೊರಬಿತ್ತು! ನಾಣ್ಯಪ್ಪನ ಹತ್ರ ಈ ಆಟ ನಡೆಯಲ್ಲ. ಅದಕ್ಕೇ ಒಗಟಿನ ಮೊದಲ ಪ್ರಶ್ನೆ ಪೂರ್ತಿ ಅವನನ್ನು ತಪ್ಪಿಸಿಕೊಳ್ಳೋಕೇ ಖರ್ಚಾಗುತ್ತೆ. ನಡುವಿನವನಿಗೆ ‘ಎಡದವನು ನಾಣ್ಯಪ್ಪನಾ ಅಂತ ಕೇಳಿದ್ರೆ ಹೌದು ಅಂತೀಯಾ?’ ಅನ್ನಿ. ಹೌದಂದ್ರೆ ಬಲದವನ ಹತ್ರ ಹೋಗಿ, ಅಲ್ಲ ಅಂದ್ರೆ ಎಡದವನ ಹತ್ರ. ನಡುವಿನವನೇ ನಾಣ್ಯಪ್ಪನಾಗಿದ್ರೆ ಉಳಿದಿಬ್ಬರಲ್ಲಿ ಯಾರಾದರೂ ಸರಿಯೇ. ‘ನೀನು ನಿಜ ಹೇಳುವವನಾ ಅಂತ ಕೇಳಿದ್ರೆ...’, ‘ನಡುವಿನವನು ನಾಣ್ಯಪ್ಪನಾ ಅಂತ ಕೇಳಿದ್ರೆ...’ ಅಂತ ಇನ್ನೆರಡು ಕೇಳಿದ್ರೆ ಕೆಲಸ ಮುಗೀತು.

"ಪಾಪ, ಸಹಾಯ ಮಾಡೋಕೆ ಹೋದ್ರು ಬಿಡಿ" ಅಂತೀರೇನೋ. ನಾನು ಬಿಡಲ್ಲ. ಯಾವಾಗಲೂ ಸುಳ್ಳು ಹೇಳುವವನು ಎರಡೇ ದಿನಕ್ಕೆ ಸಿಕ್ಕಿಬೀಳ್ತಾನೆ. ನಾಣ್ಯಪ್ಪನ ಮಾತು ಅರ್ಧ ಸಲ ನಿಜವಾಗುತ್ತೆ, ಆ ಅರ್ಧ ಜನ ಅವನಿಗೆ ಕೈ ಮುಗಿದು ಹೋಗ್ತಾರೆ. ಉಳಿದರ್ಧ ಜನ ಗೋಡೆ ಮುಂದೆ ನಿಂತಿರ್ತಾರೆ. ಅವರ ಲೆಕ್ಕ ಇಟ್ಟವರಾರು?

ನಾಣ್ಯಪ್ಪಂದಿರನ್ನು ತಯಾರು ಮಾಡ್ತಿರೋದೂ ನಾವೇ. ಕರ್ನಾಟಕದ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. "ಖಾಲಿ ಬಿಡಬೇಡ, ಏನಾದ್ರೂ ತುಂಬು" ಅಂತ ನಾವೇ ಹೇಳಿ ಕಳಿಸ್ತೀವಿ. ಹದಿನೆಂಟು ವರ್ಷ ಹೀಗೆ ಬೆಳೆದವನು ದಾರಿ ಕೇಳಿದವರಿಗೆ ಗೊತ್ತಿಲ್ಲ ಅಂತಾನಾ? ಅಂದ್ರೆ ಮರ್ಯಾದೆ ಹೋಗುತ್ತಲ್ಲ!

ಆ ಹಮಾಲಿಯ ಮರ್ಯಾದೆ ಹೋಗಲಿಲ್ಲ. ಅವತ್ತು ಮೂವರಲ್ಲಿ ನಿಜ ಹೇಳಿದವನು ಅವನೊಬ್ಬನೇ.

ನೀವೇನಂತೀರಿ? ಗೊತ್ತಿಲ್ಲ ಅಂದ್ರೂ ಸಂತೋಷ.