ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲು?

ಮುಂಗಾರಿನ ಹೆಸರು ಗೇಣುದ್ದ ಎದ್ದಾಗ, ಎತ್ತಿಲ್ಲದ ರೈತ ಬೈಕಿನ ಹಿಂದೆ ಎಡೆಕುಂಟೆ ಕಟ್ಟಿ ಸಾಲಿನ ನಡುವೆ ಎಡೆ ಹೊಡೆಯುವುದು ನಮ್ಮ ಉತ್ತರ ಕರ್ನಾಟಕದಲ್ಲಿ ಈಗ ಹೊಸ ಸುದ್ದಿಯಲ್ಲ. ಎರಿ ಹೊಲದಲ್ಲಿ ಎಳೆತ ಬೇಕೆಂದರೆ ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಬೇಕು. ವೇಗ ಹೋಗುತ್ತದೆ, ಬಲ ಬರುತ್ತದೆ. ಅದೇ ಊರಿನ ಇನ್ನೊಬ್ಬ ಹುಡುಗ ಅದೇ ಬೋಲ್ಟುಗಳನ್ನು ಬಿಚ್ಚಿ ಕಡಿಮೆ ಹಲ್ಲಿನದನ್ನು ಕೂಡಿಸುತ್ತಾನೆ. ಅವನಿಗೆ ಬೇಕಾದದ್ದು ಗದಗ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಮೀಟರ್ ಮುಳ್ಳು ಆ ತುದಿ ಮುಟ್ಟುವುದು. ಒಬ್ಬನನ್ನು ನಾವು ಜಾಣ ರೈತ ಎನ್ನುತ್ತೇವೆ, ಇನ್ನೊಬ್ಬನನ್ನು ಪುಂಡ ಎನ್ನುತ್ತೇವೆ. ಗದಗಿನ ಬಳಿಯ ಕುರ್ತಕೋಟಿ, ಹುಲಕೋಟಿಯ ಕಡೆ ಕುಳಿತು ಈ ವಿಷಯ ತೂಗಬೇಕೆಂದರೆ ಇಲ್ಲಿಂದಲೇ ಶುರುಮಾಡುವುದು ಸರಿ. ಕೈಕೆಲಸ ಎರಡೂ ಕಡೆ ಒಂದೇ. ತಂಟೆ ಇರುವುದು ಬೇರೆ ಕಡೆ.

ಮೊದಲು ವೇಗದ ಹುಚ್ಚಿನವರ ಪಕ್ಷ. ಅದನ್ನು ಹಗುರಾಗಿ ತಳ್ಳಿಹಾಕುವವರು ಬರ್ಟ್ ಮನ್ರೋನ ಕಥೆ ಕೇಳಬೇಕು. ನ್ಯೂಜಿಲೆಂಡಿನ ಈ ಮನುಷ್ಯ 1920ರಲ್ಲಿ ಕೊಂಡ ‘ಇಂಡಿಯನ್ ಸ್ಕೌಟ್’ ಬೈಕು ಗಂಟೆಗೆ 90 ಕಿ.ಮೀ. ಆಸುಪಾಸು ಓಡುತ್ತಿತ್ತು. ದಶಕಗಳ ಕಾಲ ಅದನ್ನೇ ಬಿಚ್ಚಿದ, ಕೂಡಿಸಿದ. ಹಳೆಯ ಡಬ್ಬಿಗಳನ್ನೇ ಅಚ್ಚು ಮಾಡಿಕೊಂಡು ಪಿಸ್ಟನ್ ಎರಕ ಹೊಯ್ದ. 1967ರಲ್ಲಿ, 68ರ ವಯಸ್ಸಿನಲ್ಲಿ, ಅಮೆರಿಕದ ಬೊನೆವಿಲ್ ಉಪ್ಪಿನ ಬಯಲಿನಲ್ಲಿ ಅದೇ ಬೈಕನ್ನು ಸುಮಾರು 296 ಕಿ.ಮೀ. ವೇಗದಲ್ಲಿ ಓಡಿಸಿ ಆ ವರ್ಗದ ದಾಖಲೆ ಬರೆದ. ಕಾಲೇಜಿನ ಲ್ಯಾಬು, ಕಂಪನಿಯ ದುಡ್ಡು ಎರಡೂ ಅವನ ಹಿಂದೆ ಇರಲಿಲ್ಲ.

ನಮ್ಮಲ್ಲೂ ಈ ಕಲಿಕೆಗೆ ಒಂದು ಪರಂಪರೆ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು, 1983ರಲ್ಲಿ ಬಂದ ರಾಜದೂತ್ 350, 1985ರ ಯಮಾಹಾ ಆರ್‌ಎಕ್ಸ್ 100 — ಇವೆಲ್ಲ ಟೂ ಸ್ಟ್ರೋಕ್ ಗಾಡಿಗಳು. ಕ್ಯಾಮ್ ಇಲ್ಲ, ಕ್ಯಾಮ್ ಎತ್ತುವ ವಾಲ್ವೂ ಇಲ್ಲ. ಸಿಲಿಂಡರಿನ ಪೋರ್ಟನ್ನು ಅರದಿಂದ ತುಸು ಉಜ್ಜಿದರೆ, ಕಾರ್ಬುರೇಟರಿನ ಜೆಟ್ ಬದಲಿಸಿದರೆ ಗಾಡಿಯ ಗುಣವೇ ಬದಲಾಗುತ್ತಿತ್ತು. ಆರ್‌ಎಕ್ಸ್ 100 ತೂಗುತ್ತಿದ್ದದ್ದು ನೂರು ಕಿಲೋ ಚಿಲ್ಲರೆ, ಬಲ 11 ಅಶ್ವಶಕ್ತಿ. ಎಂಜಿನ್ ಒಳಗೆ ಗಾಳಿ, ಪೆಟ್ರೋಲು ಹೇಗೆ ಹರಿಯುತ್ತವೆ ಎಂಬುದನ್ನು ನಮ್ಮ ಸಣ್ಣ ಊರುಗಳ ಎಷ್ಟೋ ಮೆಕ್ಯಾನಿಕ್ಕುಗಳು ಕಲಿತದ್ದು ಪುಸ್ತಕದಿಂದಲ್ಲ, ಆ ಗಾಡಿ ಬಿಚ್ಚಿ. ಇನ್ನು ಕಂಪನಿಗಳೇ ರೇಸಿನಿಂದ ಕಲಿಯುತ್ತವೆ. ಟಿವಿಎಸ್ 1982ರಿಂದಲೂ ರೇಸಿಂಗ್ ತಂಡ ಕಟ್ಟಿಕೊಂಡು ಬಂದಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದವರು. ಇವರನ್ನು ಸನ್ಮಾನಿಸುವ ಸಮಾಜವೇ ಸ್ಪ್ಯಾನರ್ ಹಿಡಿದ ಹುಡುಗನನ್ನು ಕಂಡ ಕೂಡಲೇ ಮುಖ ಸಿಂಡರಿಸುವುದು ನ್ಯಾಯವಲ್ಲ.

ಆದರೆ ಆ ಪಕ್ಷದವರಿಗೂ ಒಂದು ಮಾತು. ಹೊಟೇಲಿನ ಮುಂದೆ ಕೇಳಿಬರುವ ‘ನೂರಾ ನಲವತ್ತ ಹೊಡದೇನ್ರಿ’ ಎಂಬ ಲೆಕ್ಕದಲ್ಲಿ ಬಹುಪಾಲು ಗಾಳಿ. ಅಕ್ಷರಶಃ ಗಾಳಿ. ಆಷಾಢದಲ್ಲಿ ಪಡುವಣ ಗಾಳಿ ಬೀಸುವಾಗ ಹುಬ್ಬಳ್ಳಿಯಿಂದ ಗದಗಿಗೆ ಬರುವ ಗಾಡಿಗೆ ಅದು ಬೆನ್ನಿಗೆ. ತಿರುಗಿ ಹೋಗುವಾಗ ಎದೆಗೆ. ಅದಕ್ಕೇ ವೇಗದ ದಾಖಲೆ ಬರೆಯುವವರು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುತ್ತಾರೆ. ಬೈಕಿನ ಮೀಟರಿನದು ಇನ್ನೊಂದು ಕಥೆ. ಅದು ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು, ತುಸು ಹೆಚ್ಚು ತೋರಿಸಬಹುದು ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಶೇ 10ರ ಮೇಲೆ ಇನ್ನೂ 4 ಕಿ.ಮೀ.ವರೆಗೆ ಅವಕಾಶ. ಮೀಟರಿನ ಹಲ್ಲು ಮುಂದಿನ ಸ್ಪ್ರಾಕೆಟಿನ ಕಡೆಯಿಂದ ತಿರುಗುವ ಗಾಡಿಯಲ್ಲಿ ಸ್ಪ್ರಾಕೆಟ್ ಬದಲಿಸಿದರೆ ಆ ಲೆಕ್ಕವೂ ಹೋಯಿತು.

ಭೌತಶಾಸ್ತ್ರ ಇನ್ನೂ ನಿಷ್ಠುರ. ಗಾಳಿಯ ತಡೆ ಮೀರಲು ಬೇಕಾಗುವ ಅಶ್ವಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ನೂರರಲ್ಲಿ ಓಡುವ ಗಾಡಿಯನ್ನು 125ಕ್ಕೆ ಏರಿಸಬೇಕಾದರೆ ಹೆಚ್ಚುಕಡಿಮೆ ಎರಡು ಪಟ್ಟು ಅಶ್ವಶಕ್ತಿ ಬೇಕು. ಸೈಲೆನ್ಸರ್ ಕೊಯ್ದರೆ ಅದು ಬರುವುದಿಲ್ಲ. ಟೂ ಸ್ಟ್ರೋಕ್ ಗಾಡಿಯಲ್ಲಂತೂ ಸೈಲೆನ್ಸರಿನ ಉಬ್ಬು, ಕುಗ್ಗು ಸುಮ್ಮನೆ ಇರುವುದಲ್ಲ: ಹೊಗೆಯ ಒತ್ತಡದ ಅಲೆ ಅಲ್ಲಿಂದ ತಿರುಗಿ ಬಂದು, ಹೊರಗೆ ಸೋರಿಹೋಗಲಿದ್ದ ಹೊಸ ಪೆಟ್ರೋಲು–ಗಾಳಿಯನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳುತ್ತದೆ. ಲೆಕ್ಕವಿಲ್ಲದೆ ಅದನ್ನು ಕೊಯ್ದರೆ ಸಿಗುವುದು ಸದ್ದು, ಕಳೆದುಹೋಗುವುದು ಬಲ. ಬಲವಿಲ್ಲದ ಎಂಜಿನ್‌ಗೆ ಕಡಿಮೆ ಹಲ್ಲಿನ ಸ್ಪ್ರಾಕೆಟ್ ಹಾಕಿದರೂ ಅಷ್ಟೇ, ಟಾಪ್ ಗೇರಿನಲ್ಲಿ ಗಾಡಿ ಮೊದಲಿಗಿಂತ ನಿಧಾನವಾಗಿ ಏದುತ್ತದೆ. ಮನ್ರೋ ಮಾಡಿದ್ದಕ್ಕೂ ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಪಟಪಟ ಎನಿಸಿ ಕೂಸುಗಳನ್ನು ಎಬ್ಬಿಸುವುದಕ್ಕೂ ಸಂಬಂಧವಿಲ್ಲ.

ವಿರೋಧಿಗಳ ಪಕ್ಷ ಹೇಳಲು ಕಷ್ಟವೇನಿಲ್ಲ. ಗಂಟೆಗೆ 120 ಕಿ.ಮೀ. ಎಂದರೆ ಸೆಕೆಂಡಿಗೆ 33 ಮೀಟರ್. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೂ, ಒಣ ಡಾಂಬರಿನಲ್ಲಿ ಗಾಡಿ ನಿಲ್ಲುವ ಹೊತ್ತಿಗೆ ನೂರು ಮೀಟರ್ ದಾಟಿರುತ್ತದೆ. ಅರವತ್ತರಲ್ಲಾದರೆ ನಲವತ್ತರೊಳಗೆ ಮುಗಿಯುತ್ತದೆ. ಆ ನೂರು ಮೀಟರಿನಲ್ಲಿ ನಮ್ಮ ಸೀಮೆಯ ರಸ್ತೆಯ ಮೇಲೆ ಏನೇನಿರುತ್ತದೆ ನೋಡಿ: ಸುಗ್ಗಿಯಲ್ಲಿ ಒಣಗಲು ಹರಡಿದ ಗೋವಿನಜೋಳ, ಹಿಂದೆ ದೀಪವಿಲ್ಲದ ಟ್ರೇಲರು, ಕುರಿ ಹಿಂಡು, ಬಸ್ಸಿನಿಂದ ಇಳಿದು ಅದರ ಹಿಂದಿನಿಂದಲೇ ರಸ್ತೆ ದಾಟುವ ಶಾಲೆಯ ಮಕ್ಕಳು. ಇವರಾರೂ ರೇಸಿಗೆ ಹೆಸರು ಕೊಟ್ಟವರಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕಿಂತ ಹೆಚ್ಚಿನವರು ದ್ವಿಚಕ್ರ ವಾಹನದವರು. ಶೇ 71ರಷ್ಟು ಸಾವಿಗೆ ಸರ್ಕಾರಿ ವರದಿ ಕೊಡುವ ಕಾರಣ ಅತಿವೇಗ. ಗಂಗಾವತಿಯ ವೀಲಿಂಗ್ ಪ್ರಕರಣವೊಂದರಲ್ಲಿ 2025ರಲ್ಲಿ ಜಾಮೀನು ನಿರಾಕರಿಸಿದ ಹೈಕೋರ್ಟ್, ಇದಕ್ಕೆ ಈಗಿರುವ ಕಾನೂನು ಸಾಲದು ಎಂದಿತು.

ಕಾನೂನು ಸಾಲದೋ, ಅದರ ತೂಕವೇ ಓರೆಯೋ ಎಂಬುದು ನನ್ನ ಪ್ರಶ್ನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಸಜೆ ಅಥವಾ ₹5,000ವರೆಗೆ ದಂಡ. ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಮಾರ್ಪಾಡಿಗೂ ₹5,000 ದಂಡ. ಎರಡರಲ್ಲೂ ಸಜೆ, ದಂಡ ಒಟ್ಟಿಗೇ ಬೀಳಬಹುದು. ಸ್ಪ್ಯಾನರು ಆಕ್ಸಿಲರೇಟರಿಗಿಂತ ದೊಡ್ಡ ಅಪರಾಧಿ ಎಂದಂತಾಯಿತು. ಕಂಪನಿ ಕೊಟ್ಟ ಹಾಗೆಯೇ ಷೋರೂಮಿನಿಂದ 150 ಕಿ.ಮೀ. ವೇಗದ ಗಾಡಿ ತಂದು 140ರಲ್ಲಿ ಓಡಿಸುವವನು ಮಾರ್ಪಾಡಿನ ಕಲಮಿಗೆ ಸಿಗುವುದೇ ಇಲ್ಲ. ದ್ವಿಚಕ್ರ ವಾಹನಕ್ಕೆ ನಾಲ್ಕು ಪಥದ ಹೆದ್ದಾರಿಯಲ್ಲೂ 80ರ ಮಿತಿಯಿರುವ ದೇಶದಲ್ಲಿ ಅಂಥ ಗಾಡಿಗಳ ಜಾಹೀರಾತಿಗೆ ಯಾರ ತಕರಾರೂ ಇಲ್ಲ.

ಹಾಗಾದರೆ ಟ್ರ್ಯಾಕಿಗೆ ಹೋಗಲಿ ಎನ್ನುವುದು ಸುಲಭದ ಉತ್ತರ. ಗದಗಿನ ಹುಡುಗನಿಗೆ ದೊಡ್ಡ ಟ್ರ್ಯಾಕ್ ಎಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರು. ಗಾಡಿ ಸಾಗಿಸುವ ಖರ್ಚು, ಚರ್ಮದ ಸೂಟು, ಲೈಸೆನ್ಸು, ಟೈರು ಎಂದರೆ ಮೆಕ್ಯಾನಿಕ್ಕಿನ ಮಗನ ಕೈಗೆ ಎಟಕುವ ಮಾತಲ್ಲ. ಟ್ರ್ಯಾಕು ಜೀವಕ್ಕೆ ಗ್ಯಾರಂಟಿಯೂ ಅಲ್ಲ. 2023ರ ಆಗಸ್ಟಿನಲ್ಲಿ ಅದೇ ಚೆನ್ನೈ ಟ್ರ್ಯಾಕಿನಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ರೇಸಿನ ನಡುವೆ ಬಿದ್ದು ತೀರಿಕೊಂಡ. ವಯಸ್ಸು 13. ‘ಟ್ರ್ಯಾಕಿನಲ್ಲಿ ಆಡಲಿ ಬಿಡಿ’ ಎನ್ನುವಾಗ ಈ ಹೆಸರು ನೆನಪಿಗೆ ಬಾರದಿದ್ದರೆ ನಾವು ಒಂದೇ ಕಡೆ ತೂಗುತ್ತಿದ್ದೇವೆ ಎಂದರ್ಥ. ಆದರೂ ಎರಡು ಅಪಾಯಗಳು ಒಂದೇ ಅಲ್ಲ. ಟ್ರ್ಯಾಕಿನಲ್ಲಿ ಅಪಾಯಕ್ಕೆ ಒಡ್ಡಿಕೊಳ್ಳುವವನು ಅದನ್ನು ಬಲ್ಲವನು (ಹದಿಮೂರರ ಹುಡುಗನ ಬಗ್ಗೆ ಹಾಗೆನ್ನಲು ನನಗೆ ಬಾಯಿ ಬಾರದು). ಹೆದ್ದಾರಿಯಲ್ಲಿ ಅದು ಕೇಳದವರ ಮೇಲೂ ಬೀಳುತ್ತದೆ. ಹಾಗಾಗಿ ರಸ್ತೆಯ ಮೇಲಿನ ರೇಸಿಗೆ ನನ್ನ ಕಡೆಯಿಂದ ಯಾವ ವಿನಾಯಿತಿಯೂ ಇಲ್ಲ, ಗ್ಯಾರೇಜಿನ ಒಳಗಿನ ಕೆಲಸಕ್ಕೆ ಮಾತ್ರ ಇದೆ.

ವೇಗಕ್ಕೆ ಜಾಗ ಮಾಡಿಕೊಡುವ ವಿದ್ಯೆ ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಜೋಡೆತ್ತಿನ ಖಾಲಿ ಗಾಡಾ ಓಡಿಸುವ ಸ್ಪರ್ಧೆಗೆ ಹೊಲ ಹಸನು ಮಾಡುತ್ತಾರೆ, ಕಮಿಟಿ ಕೂಡಿಸುತ್ತಾರೆ, ಗಡಿಯಾರ ಹಿಡಿದು ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿತೆಂದು ಟೇಪು ಹಿಡಿದು ಅಳೆಯುತ್ತಾರೆ. ಗೆದ್ದವರಿಗೆ ಎಷ್ಟೋ ಕಡೆ ಬಹುಮಾನ ಬೈಕು! ಎತ್ತಿನ ಓಟದ ಮೇಲೂ ತಕರಾರು ಇತ್ತು. ಕೊನೆಗೆ 2017ರ ರಾಜ್ಯದ ತಿದ್ದುಪಡಿ, 2023ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ನಿಯಮದ ಚೌಕಟ್ಟು ಕೊಟ್ಟವು. ಬೈಕಿಗೆ ಎರಿ ಹೊಲ ಆಗದು, ಡಾಂಬರಿನ ನೇರ ಪಟ್ಟಿಯೇ ಬೇಕು. ಮದ್ರಾಸಿನವರು ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ರನ್‌ವೇ ಮೇಲೆ ದಶಕಗಳ ಕಾಲ ರೇಸ್ ನಡೆಸಿದ್ದು ಹಾಗೆಯೇ. ನಮಗೆ ಹತ್ತಿರವೆಂದರೆ ಕೊಪ್ಪಳದ ಗಿಣಿಗೇರಿ ಬಳಿ ಖಾಸಗಿ ಏರ್‌ಸ್ಟ್ರಿಪ್ ಒಂದಿದೆ. ವರ್ಷಕ್ಕೆ ಎರಡು ದಿನ ಅದನ್ನು ಕೇಳಿ ಪಡೆಯುವುದು, ಹದಿನೆಂಟು ತುಂಬದವರನ್ನು ಗೇಟಿನಲ್ಲೇ ತಿರುಗಿಸಿ ಕಳಿಸುವುದು, ಆಂಬುಲೆನ್ಸ್ ನಿಲ್ಲಿಸುವುದು, ಎರಡೂ ದಿಕ್ಕಿನಲ್ಲಿ ಓಡಿಸಿ ಅಳೆಯುವುದು — ಇದರ ವಿಮೆಯ ಹಣ ಕಟ್ಟುವವರು ಯಾರು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಬೈಕ್ ಮಾರುವ ಕಂಪನಿಗಳನ್ನು ಮೊದಲು ಕೇಳಬೇಕು.